ಸ್ತ್ರೀಪರ್ವವಿಲ್ಲದ ಸಿನಿಮಾಗಳು

ಬಾಡಿಗೆ ಹಂತಕನ ಕಥೆ ಹೇಳುವ ಸಿನಿಮಾ ಕೊನೆಗೆ ಅವನನ್ನು ಸಾಯಿಸಿಬಿಟ್ಟರೆ ಸಾಕು, ಅದು ನೀತಿ ಹೇಳಿದ ಸಿನಿಮಾ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಎರಡೂವರೆ ಗಂಟೆ ಅವನು ಮಚ್ಚು ಬೀಸಿರಲಿ, ಗುಂಡು ಹಾರಿಸಿರಲಿ, ಕೊನೆಕೊನೆಗೆ ಒಂದು ಕಡೆ ಅನ್ನ ಹಾಕಿದ ಬಾಸು, ಇನ್ನೊಂದು ಕಡೆ ಮನಸ್ಸು ಕೊಟ್ಟ ಹುಡುಗಿ. ಯಾವುದನ್ನು ಬಿಡಲಿ ಎಂದು ಒದ್ದಾಡುತ್ತಾನೆ, ಎರಡನ್ನೂ ಬಿಡಲಾರದೆ ಸಾಯುತ್ತಾನೆ. ಹಿನ್ನೆಲೆಯಲ್ಲಿ ಪಿಟೀಲು ಏಳುತ್ತದೆ. ವಿಮರ್ಶಕರು ‘ದುರಂತ ನಾಯಕ’ ಎಂದು ಬರೆಯುತ್ತಾರೆ. ರೌಡಿಸಂ ಬೇಡ ಅಂತಲೇ ಹೇಳಿದ್ದೇವೆ, ಕೊನೆಗೆ ಅವನು ಸಾಯುತ್ತಾನಲ್ಲ ಎಂದು ಚಿತ್ರತಂಡ ಸಮಜಾಯಿಷಿ ಕೊಡುತ್ತದೆ. ಪ್ರೇಕ್ಷಕ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾನೆ. ಎಲ್ಲರಿಗೂ ಸಮಾಧಾನ.

ನನ್ನ ತಕರಾರು ಇರುವುದು ಈ ಸಮಾಧಾನದ ಮೇಲೆಯೇ. ಆ ಸಾವು ಶಿಕ್ಷೆಯಲ್ಲ, ಉತ್ತರ ಕೊಡುವುದನ್ನು ತಪ್ಪಿಸಿಕೊಳ್ಳಲು ಕಂಡುಕೊಂಡ ದಾರಿ. ಪ್ರೀತಿಯೋ ನಿಯತ್ತೋ ಎಂಬ ಆ ಜಗಳವೇ ಸುಳ್ಳು ಜಗಳ. ಎರಡೂ ಕಡೆ ನಿಂತಿರುವವರು ಕೊಂದವನಿಗೆ ಬೇಕಾದವರು, ಅವನನ್ನು ಬೇಕೆನ್ನುವವರು. ಅವನು ಯಾರನ್ನು ಕೊಂದನೋ ಅವರ ಮನೆಯವರಿಗೆ ಆ ಪಂಚಾಯಿತಿಯಲ್ಲಿ ಕೂರಲು ಜಾಗವೇ ಇಲ್ಲ. ಅವರನ್ನು ಹೊರಗಿಟ್ಟು ನಡೆಸುವ ನ್ಯಾಯ ನಿರ್ಣಯಕ್ಕೆ ಯಾವ ಬೆಲೆ?

1998ರಲ್ಲಿ ಬಂದ ರಾಮ್‌ಗೋಪಾಲ್ ವರ್ಮಾ ಅವರ ‘ಸತ್ಯ’ವನ್ನೇ ತೆಗೆದುಕೊಳ್ಳಿ. ಭಾರತದ ಭೂಗತ ಲೋಕದ ಸಿನಿಮಾಗಳಿಗೆ ಮೇಲ್ಪಂಕ್ತಿ ಹಾಕಿಕೊಟ್ಟ ಚಿತ್ರ ಅದು. ಅದರೊಳಗೆ ಒಂದು ಥಿಯೇಟರಿನ ದೃಶ್ಯವಿದೆ. ಪರದೆಯ ಮೇಲೆ ‘ಬಾರ್ಡರ್’ ನಡೆಯುತ್ತಿದೆ, ನಾಯಕ ಸತ್ಯ ತಾನು ಪ್ರೀತಿಸುವ ವಿದ್ಯಾಳ ಪಕ್ಕ ಕೂತಿದ್ದಾನೆ. ಸುಳಿವು ಸಿಕ್ಕ ಪೊಲೀಸರು ಬಾಗಿಲುಗಳನ್ನು ಮುಚ್ಚಿಸಿ ಜನರನ್ನು ಒಂದೇ ಬಾಗಿಲಿನಿಂದ ಹೊರಗೆ ಬಿಡುತ್ತಿದ್ದಾರೆ. ಇನ್ನೇನು ಸಿಕ್ಕಿಬೀಳುತ್ತೇನೆ ಎನ್ನುವಾಗ ಸತ್ಯ ಗುಂಡು ಹಾರಿಸುತ್ತಾನೆ. ಗಾಬರಿಬಿದ್ದ ಜನ ಬಾಗಿಲಿಗೆ ನುಗ್ಗುತ್ತಾರೆ. ಟಿಕೆಟ್ ಕೊಂಡು ಸಿನಿಮಾ ನೋಡಲು ಬಂದಿದ್ದವರು ಒಬ್ಬರ ಕಾಲಡಿ ಇನ್ನೊಬ್ಬರು ಸಿಕ್ಕಿ ಸಾಯುತ್ತಾರೆ. ಅಲ್ಲಿಂದ ಕಥೆ ಎಲ್ಲಿಗೆ ಹೋಗಬೇಕಿತ್ತು? ಹೋಗುವುದು ಸತ್ಯನ ಅಂತರಂಗಕ್ಕೆ. ವಿದ್ಯಾಳಿಗೆ ಏನಾದರೂ ಆಗಿಬಿಟ್ಟಿದ್ದರೆ ಎಂದು ಅವನು ಮೊದಲ ಬಾರಿಗೆ ಹೆದರುತ್ತಾನೆ. ಈ ಕೆಲಸ ಬಿಟ್ಟು ಅವಳೊಂದಿಗೆ ದೂರ ಹೋಗುವ ಮನಸ್ಸು ಮಾಡುತ್ತಾನೆ. ನಾವು ಅವನ ಜೊತೆ ಹೆದರುತ್ತೇವೆ, ಅವನು ಹೊರಟುಹೋದರೆ ಸಾಕಪ್ಪ ಎಂದು ಹಾರೈಸುತ್ತೇವೆ.

ಹಾಗಾದರೆ ಅಲ್ಲಿ ತುಳಿತಕ್ಕೆ ಸಿಕ್ಕಿ ಸತ್ತವರು? ಅಲ್ಲಿಗೂ ಗಂಡ ಹೆಂಡತಿ ಬಂದಿರಬಹುದು, ಪ್ರೀತಿಸುವ ಜೋಡಿ ಬಂದಿರಬಹುದು. ಅವರ ಪ್ರೀತಿ ಯಾಕೆ ಪ್ರೀತಿಯಲ್ಲ? ಸತ್ಯನ ಪ್ರೀತಿಯನ್ನು ನಮಗೆ ಮನದಟ್ಟು ಮಾಡಿಸಲು ಅವರೆಲ್ಲ ಸಾಯಬೇಕಾಯಿತು. ಅವರ ಸಾವು ಬಳಕೆಯಾದದ್ದು ನಾಯಕನ ಮನಸ್ಸು ಕರಗಿತು ಎಂದು ತೋರಿಸುವುದಕ್ಕೆ. ಚಿತ್ರದ ಕೊನೆಯಲ್ಲಿ ಅವನು ಗುಂಡೇಟು ತಿಂದು ವಿದ್ಯಾಳ ಬಾಗಿಲು ಬಡಿಯುತ್ತಾನಲ್ಲ, ಆ ಬಾಗಿಲು ತೆರೆಯಲಿ ಎಂದು ಥಿಯೇಟರಿಗೆ ಥಿಯೇಟರೇ ಉಸಿರು ಬಿಗಿಹಿಡಿದು ಕೂತಿರುತ್ತದೆ. ಆ ಕಾಲ್ತುಳಿತದ ಒಂದು ಹೆಣದ ನೆನಪು ಆ ಹೊತ್ತಿಗೆ ಯಾರಿಗಾದರೂ ಇರುತ್ತದೆಯೇ? ಇರದಂತೆ ನೋಡಿಕೊಳ್ಳುವುದೇ ಆ ಕಥನದ ಕಸುಬು.

ಇನ್ನು ಸತ್ತವನ ಮನೆಯವರು ತೆರೆಯ ಮೇಲೆ ಬಂದಾಗ ಆಗುವುದೇನು? ಮೈಸೂರು, ಮೇಲುಕೋಟೆಯ ಸುತ್ತಮುತ್ತ ಚಿತ್ರೀಕರಣಗೊಂಡ ಮಣಿರತ್ನಂ ಅವರ ‘ದಳಪತಿ’ ನೋಡಿ. 1991ರ ಚಿತ್ರ. ಆರಂಭದಲ್ಲಿ ನಾಯಕ ಸೂರ್ಯನ ಏಟಿಗೆ ರಮಣ ಎಂಬವನು ಸಾಯುತ್ತಾನೆ. ಅವನಿಗೊಬ್ಬಳು ಹೆಂಡತಿ, ಪದ್ಮಾ. ಕೈಯಲ್ಲೊಂದು ಮಗು. ಗಂಡನನ್ನು ಕೊಂದವನು ಇವನೇ ಎಂದು ಗೊತ್ತಿರುವ ಹೆಂಗಸು ಆಕೆ. ಇಂಥ ಪಾತ್ರ ನಮ್ಮ ಸಿನಿಮಾಗಳಲ್ಲಿ ಎಷ್ಟು ಅಪರೂಪ! ಆದರೆ ಆಕೆಯನ್ನು ಚಿತ್ರ ಏನು ಮಾಡಿತು? ಸೂರ್ಯ ಪ್ರೀತಿಸಿದ ಸುಬ್ಬಲಕ್ಷ್ಮಿ ಜಿಲ್ಲಾಧಿಕಾರಿಯ ಹೆಂಡತಿಯಾಗಿ ಹೋದ ಮೇಲೆ ಪದ್ಮಾಳನ್ನು ಸೂರ್ಯನಿಗೇ ಮದುವೆ ಮಾಡಿಸಿತು. ಕೊಂದವನೇ ಗಂಡನಾದ. ಅವಳ ಸಿಟ್ಟು, ಅವಳ ಅಸಹ್ಯ, ಅವಳ ಭಯ ಎಲ್ಲವನ್ನೂ ತಾಳಿಯೊಂದರಲ್ಲಿ ಕಟ್ಟಿ ಮುಗಿಸಲಾಯಿತು. ಸೂರ್ಯನ ಪಶ್ಚಾತ್ತಾಪಕ್ಕೆ ಒಂದು ನೆಲೆ ಸಿಕ್ಕಿತು. ಅವನು ಇನ್ನಷ್ಟು ದೊಡ್ಡವನಾದ. ಅವಳಿಗೆ ಏನು ಸಿಕ್ಕಿತು? ಸೂರ್ಯ ಮತ್ತು ಅವನ ಒಡೆಯ ದೇವರಾಜನ ಗೆಳೆತನವನ್ನು ಕರ್ಣ, ದುರ್ಯೋಧನರ ಗೆಳೆತನಕ್ಕೆ ಹೋಲಿಸಿ ನಾವು ಮೂವತ್ತು ವರ್ಷಗಳಿಂದ ಕೊಂಡಾಡುತ್ತಲೇ ಇದ್ದೇವೆ. ಪದ್ಮಾಳ ಬಗ್ಗೆ ಯಾರು ಬರೆದರು?

ಕರ್ಣನ ಹೆಸರು ಬಂದಿದ್ದರಿಂದ ಒಂದು ಮಾತು ಬಿಡಿಸಿ ಹೇಳಬೇಕು. ಅನ್ನದ ಋಣಕ್ಕೆ ಪ್ರಾಣ ಕೊಡುವ ಆದರ್ಶ ನಮ್ಮ ನೆಲಕ್ಕೆ ಹೊಸದಲ್ಲ. ಪಂಪನ ಕರ್ಣ ಆ ಋಣವನ್ನು ನೆನೆದೇ ಕೃಷ್ಣನ ಮಾತಿಗೆ ಬಗ್ಗದೆ ನಿಂತವನು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಗರುಡಗಂಬ ಇವತ್ತಿಗೂ ನಿಂತಿದೆ. ಒಡೆಯನ ಹಿಂದೆಯೇ ಜೀವ ಬಿಟ್ಟವರ ನೆನಪು ಅದು. ನಮ್ಮ ಸಿನಿಮಾದವರು ಈ ಭಂಡಾರದಿಂದ ಗಾಂಭೀರ್ಯವನ್ನು ಸಾಲ ಪಡೆದು ಡಾನ್ ಒಬ್ಬನ ಕಾಲಿಗೆ ಸುರಿಯುತ್ತಿದ್ದಾರೆ. ಆದರೆ ವ್ಯಾಸರು ಕರ್ಣನ ಸಾವಿಗೆ ಕಥೆ ನಿಲ್ಲಿಸಲಿಲ್ಲ. ಯುದ್ಧ ಮುಗಿದ ಮೇಲೆ ಸ್ತ್ರೀಪರ್ವ ಬರೆದರು. ಗಾಂಧಾರಿ ರಣರಂಗಕ್ಕೆ ಬರುತ್ತಾಳೆ. ಸೊಸೆಯರು ಹೆಣಗಳ ನಡುವೆ ತಮ್ಮವರನ್ನು ಹುಡುಕುತ್ತಾರೆ, ತಲೆ ಸಿಕ್ಕರೆ ಮುಂಡ ಸಿಗುವುದಿಲ್ಲ. ಗೆದ್ದವರ ಕಡೆಯ ಹೆಂಗಸರೂ, ಸೋತವರ ಕಡೆಯ ಹೆಂಗಸರೂ ಒಂದೇ ಬಯಲಿನಲ್ಲಿ ಅಳುತ್ತಾರೆ. ಗಾಂಧಾರಿ ಸಾಕ್ಷಾತ್ ಕೃಷ್ಣನನ್ನೇ ನಿಲ್ಲಿಸಿ ಲೆಕ್ಕ ಕೇಳುತ್ತಾಳೆ, ಶಪಿಸುತ್ತಾಳೆ. ಕರ್ಣ ಯಾರ ಮಗ ಎಂಬ ಸತ್ಯ ಬಯಲಾಗುವುದೂ ಅಲ್ಲಿಯೇ. ಗೆದ್ದ ಧರ್ಮರಾಯನಿಗೆ ಗೆಲುವು ಬೇಡವಾಗುವುದೂ ಅಲ್ಲಿಂದ ಮುಂದೆಯೇ. ನಮ್ಮ ಸಿನಿಮಾದವರು ಕರ್ಣನನ್ನು ಎತ್ತಿಕೊಂಡರು, ಗಾಂಧಾರಿಯನ್ನು ಬಿಟ್ಟರು. ಬಿಟ್ಟದ್ದು ಮರೆವಿನಿಂದಲ್ಲ. ಅವಳು ಬಂದರೆ ಕಟೌಟು ನಿಲ್ಲುವುದಿಲ್ಲ.

ನಿಯತ್ತು ಎಂದು ಇಷ್ಟೊಂದು ಎತ್ತಿ ಹಿಡಿಯುತ್ತಾರಲ್ಲ, ಆ ನಿಯತ್ತಿನ ಒಳಗೆ ಏನಿದೆ ಎಂದು ಯಾವ ಚಿತ್ರ ಬಿಚ್ಚಿ ತೋರಿಸಿದೆ? ಊರು ಬಿಟ್ಟು ಬಂದ ಹುಡುಗ, ಕೈಯಲ್ಲಿ ಕೆಲಸವಿಲ್ಲ. ಅಣ್ಣ ಬಿರಿಯಾನಿ ಕೊಡಿಸುತ್ತಾನೆ, ಬೈಕು ಕೊಡಿಸುತ್ತಾನೆ, ತಂಗಿಯ ಮದುವೆಗೆ ಹಣ ಕೊಡುತ್ತಾನೆ. ‘ಏನೇ ಆದ್ರೂ ಅಣ್ಣ ನೋಡ್ಕೋತಾನೆ’ ಎಂಬ ಒಂದು ಮಾತಿನ ಮೇಲೆ ಹುಡುಗ ಸ್ಕೆಚ್ ಹಾಕುತ್ತಾನೆ, ಎತ್ತುತ್ತಾನೆ, ಒಳಗೆ ಹೋಗುತ್ತಾನೆ. ಜಾಮೀನಿಗೆ ದುಡ್ಡು ಹಾಕುವವನೂ ಅಣ್ಣನೇ, ಮುಂದಿನ ಕೊಲೆ ಯಾವುದು ಎಂದು ಹೇಳುವವನೂ ಅಣ್ಣನೇ. ಅಣ್ಣನ ಸ್ವಂತ ಮಕ್ಕಳು ಲಾಂಗು ಹಿಡಿಯುವುದಿಲ್ಲ, ಅವರು ಒಳ್ಳೆಯ ಕಾಲೇಜಿನಲ್ಲಿ ಓದುತ್ತಿರುತ್ತಾರೆ. ಇದು ಬಡವರ ಮಕ್ಕಳ ಮೈಯನ್ನು ಕಡಿಮೆ ರೇಟಿಗೆ ಕೊಳ್ಳುವ ವ್ಯವಹಾರ. ಕೂಲಿ ಒಪ್ಪಂದಕ್ಕಾದರೂ ಕಾಗದ ಇರುತ್ತದೆ, ಇದಕ್ಕೆ ಅದೂ ಇಲ್ಲ. ಇಂಥ ವ್ಯವಹಾರವನ್ನು ತಾಯಿ ಮಕ್ಕಳ ಸಂಬಂಧಕ್ಕಿಂತ ಪವಿತ್ರ ಎನ್ನುವಂತೆ ಡೈಲಾಗ್ ಬರೆಯುವುದು ಯಾರಿಗೆ ಮಾಡುವ ಸೇವೆ?

ಅದಕ್ಕೂ ಮೇಲೆ ಒಂದು ಜಾಣತನವಿದೆ. ಎಷ್ಟೋ ಚಿತ್ರಗಳಲ್ಲಿ ಮೊದಲು ಮೋಸ ಮಾಡುವವನು ಬಾಸೇ. ಜಾನ್ ವೂ ಅವರ ‘ದಿ ಕಿಲ್ಲರ್’ನಲ್ಲಿ ಕೆಲಸ ಮುಗಿಸಿಕೊಟ್ಟ ಹಂತಕ ಅಹ್ ಜಾಂಗ್‌ನನ್ನು ಹಣ ಕೊಡದೆ ಕೊಲ್ಲಲು ಹೊರಡುವವನು ಕೆಲಸ ಕೊಟ್ಟವನೇ. ಜಾನ್ ವೂ ಮೆಚ್ಚಿಕೊಂಡಿದ್ದ, 1967ರ ಮೆಲ್ವಿಲ್ ಅವರ ‘ಲ ಸಾಮುರಾಯ್’ನಲ್ಲೂ ಅದೇ. 2005ರ ಕೊರಿಯಾದ ‘ಎ ಬಿಟರ್‌ಸ್ವೀಟ್ ಲೈಫ್’ನಲ್ಲಿ, ಬಾಸ್ ಕೊಲ್ಲು ಎಂದಿದ್ದ ಹುಡುಗಿಯನ್ನು ಕೊಲ್ಲದೆ ಬಿಟ್ಟ ಒಂದೇ ತಪ್ಪಿಗೆ ಬಲಗೈ ಬಂಟನನ್ನು ಜೀವಂತ ಹೂಳಿಸುತ್ತಾನೆ. ಆಮೇಲೆ ನಾಯಕ ಬಾಸನ್ನು ಹುಡುಕಿ ಹೋಗುತ್ತಾನೆ, ಹೋಗುವುದು ತನಗಾದ ಮೋಸಕ್ಕೆ ಸೇಡು ತೀರಿಸಿಕೊಳ್ಳಲು. ಬಾಸು ಮೋಸ ಮಾಡದೆ ಇದ್ದಿದ್ದರೆ? ಇವನು ಹೇಳಿದ ಕೆಲಸ ಮಾಡಿಕೊಂಡೇ ಇರುತ್ತಿದ್ದ. ಅಲ್ಲಿಯವರೆಗೆ ಕೊಂದವರ ಬಗ್ಗೆ ಅವನಿಗೆ ಹುಟ್ಟದ ಸಿಟ್ಟು, ತನ್ನ ಮೈಗೆ ಗುಂಡು ಬಿದ್ದಾಗ ಹುಟ್ಟುತ್ತದೆ. ಅದನ್ನು ನಾವು ಧರ್ಮಯುದ್ಧ ಎಂದು ನೋಡುತ್ತೇವೆ. ಹೀಗೆ ನೋಡುವುದನ್ನು ಕಲಿಸಿದವರು ಯಾರು?

ನಿಯತ್ತಿನ ಬಣ್ಣ ಕಳಚಿ ತೋರಿಸಿದ ಚಿತ್ರ ಒಂದಾದರೂ ಇದೆ. 1985ರ ‘ಪ್ರಿಟ್ಜೀಸ್ ಆನರ್’. ಜಾನ್ ಹ್ಯೂಸ್ಟನ್ ನಿರ್ದೇಶಿಸಿದ್ದು. ಮಾಫಿಯಾ ಕುಟುಂಬದ ಹಂತಕ ಚಾರ್ಲಿ ಮದುವೆಯಾಗಿರುವವಳೂ ಬಾಡಿಗೆ ಹಂತಕಿಯೇ. ಹೆಂಡತಿಯನ್ನು ಮುಗಿಸು ಎಂದು ಡಾನ್ ಹೇಳುತ್ತಾನೆ, ಚಾರ್ಲಿ ಮುಗಿಸುತ್ತಾನೆ. ಸಾಯುವಾಗ ತಲೆಯಿಡಲು ತೊಡೆಯಿಲ್ಲ, ಸುರಿಯುವ ಮಳೆಯಿಲ್ಲ. ಇವನು ಬದುಕಿ ಉಳಿದು ಹಳೆಯ ಗೆಳತಿಗೆ ಫೋನು ಮಾಡುತ್ತಾನೆ. ನೋಡಿದವರಿಗೆ ಹೊಟ್ಟೆ ತೊಳಸುತ್ತದೆ. ನಿಯತ್ತಿನ ನಿಜವಾದ ಮುಖ ನೋಡಿದರೆ ಆಗಬೇಕಾದದ್ದು ಅದೇ.

ಇನ್ನು ಪ್ರೀತಿ. ಹುಡುಗಿಗೆ ಈ ಚಿತ್ರಗಳಲ್ಲಿ ಇರುವ ಕೆಲಸ ಒಂದೇ, ಅವನು ಒಳ್ಳೆಯವನು ಎಂದು ಸರ್ಟಿಫಿಕೇಟು ಕೊಡುವುದು. ಅವಳು ಹಾಡುತ್ತಾಳೆ, ಪಾಠ ಹೇಳುತ್ತಾಳೆ, ಕೈಗೆ ಪಟ್ಟಿ ಕಟ್ಟುತ್ತಾಳೆ. ಇಷ್ಟು ಒಳ್ಳೆಯವಳು ಮೆಚ್ಚಿದ ಮೇಲೆ ಅವನಲ್ಲಿ ಏನೋ ಇರಲೇಬೇಕು ಎಂದು ನಾವು ನಂಬಬೇಕು. ಆದರೆ ಅವಳು ಮೆಚ್ಚಿದ್ದು ಯಾರನ್ನು? ‘ಸತ್ಯ’ದ ವಿದ್ಯಾಳಿಗೆ ಪಕ್ಕದ ಮನೆಯವನು ಏನು ಕೆಲಸ ಮಾಡುತ್ತಾನೆಂಬುದೇ ಗೊತ್ತಿಲ್ಲ. ಅವಳಿಗೆ ಹಾಡಲು ಅವಕಾಶ ಸಿಕ್ಕಿದ್ದೂ ಸಂಗೀತ ನಿರ್ದೇಶಕನನ್ನು ಗ್ಯಾಂಗು ಹೆದರಿಸಿದ್ದರಿಂದ ಎಂಬುದು ಗೊತ್ತಿಲ್ಲ. ತನ್ನ ಗಂಟಲಿನ ಬಲದಿಂದ ಮೇಲೆ ಬಂದೆ ಎಂದುಕೊಂಡ ಹೆಣ್ಣಿನ ನಂಬಿಕೆಯನ್ನೇ ಅವನು ಕದ್ದಿದ್ದಾನೆ. ಚಿತ್ರ ಅದನ್ನು ಪ್ರೀತಿಯ ಕಾಣಿಕೆಯಂತೆ ತೋರಿಸುತ್ತದೆ.

‘ದಿ ಕಿಲ್ಲರ್’ ಇದನ್ನು ಇನ್ನೂ ಕ್ರೂರವಾಗಿ ಮಾಡಿತು. 1989ರ ಆ ಹಾಂಗ್‌ಕಾಂಗ್ ಚಿತ್ರದಲ್ಲಿ ಜೆನ್ನಿ ಕ್ಲಬ್ಬೊಂದರಲ್ಲಿ ಹಾಡುತ್ತಿದ್ದಾಳೆ. ಅಹ್ ಜಾಂಗ್ ಸುಪಾರಿ ಕೆಲಸಕ್ಕೆ ಅಲ್ಲಿಗೆ ಬರುತ್ತಾನೆ. ಗುಂಡಿನ ಚಕಮಕಿಯಲ್ಲಿ ಅವನ ಪಿಸ್ತೂಲಿನ ಕಿಡಿ ಹತ್ತಿರದಿಂದ ಬಡಿದು ಅವಳ ಕಣ್ಣು ಹೋಗುತ್ತದೆ. ಅವನು ತನ್ನ ಬಿಳಿಯ ಸ್ಕಾರ್ಫನ್ನು ಅವಳ ಕಣ್ಣಿಗೆ ಕಟ್ಟುತ್ತಾನೆ. ಮುಂದೆ ಅವಳ ಜೊತೆಗೇ ಓಡಾಡುತ್ತಾನೆ, ಅವಳು ಅವನನ್ನು ಪ್ರೀತಿಸುತ್ತಾಳೆ. ತನ್ನ ಕಣ್ಣು ತೆಗೆದವನು ಇವನೇ ಎಂದು ಅವಳಿಗೆ ಗೊತ್ತಿಲ್ಲ. ಅವಳು ಕುರುಡಿಯಾಗಿರುವುದು ಕಥೆಗೆ ಅನುಕೂಲ, ಯಾಕೆಂದರೆ ಕಣ್ಣಿದ್ದವಳಿಗೆ ಇವನ ಗುರುತು ಹತ್ತುತ್ತಿತ್ತು. ಕಾರ್ನಿಯಾ ಚಿಕಿತ್ಸೆಗೆ ಹಣ ಬೇಕು. ಅದಕ್ಕೆ ಅವನು ಒಪ್ಪಿಕೊಳ್ಳುವುದು ಇನ್ನೊಂದು ಕೊಲೆ. ದೋಣಿ ಸ್ಪರ್ಧೆಯ ಹಬ್ಬದಲ್ಲಿ ಒಬ್ಬನನ್ನು ದೂರದಿಂದ ಗುರಿಯಿಟ್ಟು ಹೊಡೆಯುತ್ತಾನೆ. ಒಂದು ಪಾಪ ತೊಳೆಯಲು ಇನ್ನೊಂದು ಹೆಣ. ಇದನ್ನು ಪ್ರಪಂಚದ ವಿಮರ್ಶಕರು ಪ್ರಾಯಶ್ಚಿತ್ತದ ಕಾವ್ಯ ಎಂದು ಬರೆದರು. ಯಾವ ಧರ್ಮದಲ್ಲಿ, ಯಾವ ಕಾನೂನಿನಲ್ಲಿ, ಯಾವ ಮನುಷ್ಯನ ಅಂತಃಕರಣದಲ್ಲಿ ಇದು ಪ್ರಾಯಶ್ಚಿತ್ತ? ಕೊನೆಗೆ ಚರ್ಚಿನಲ್ಲಿ ಪಾರಿವಾಳಗಳು ಹಾರುತ್ತವೆ. ಅವನೂ ಕಣ್ಣು ಕಳೆದುಕೊಂಡು ಅವಳನ್ನು ತಡಕುತ್ತಾ ತೆವಳುತ್ತಾನೆ, ಇಬ್ಬರೂ ಒಬ್ಬರಿಗೊಬ್ಬರು ಸಿಗದೆ ದಾಟಿ ಹೋಗುತ್ತಾರೆ, ಅವನು ಸಾಯುತ್ತಾನೆ. ಅದ್ಭುತವಾಗಿ ತೆಗೆದ ದೃಶ್ಯ, ನಿಜ. ಎದೆ ಹಿಂಡುತ್ತದೆ. ಆ ಕೌಶಲವೇ ನನಗೆ ಭಯ ಹುಟ್ಟಿಸುವುದು. ಜೆನ್ನಿಯ ಮುಂದಿನ ಬದುಕೇನು? ಕಣ್ಣಿಲ್ಲ, ಪ್ರೀತಿಸಿದವನು ಸತ್ತ. ಅವಳನ್ನು ಆ ನೆಲದ ಮೇಲೆ ಬಿಟ್ಟು ಚಿತ್ರ ಮುಗಿದುಹೋಯಿತು.

ನಮ್ಮ ‘ಕೆಜಿಎಫ್’ ಮೊದಲ ಭಾಗದಲ್ಲಿ ರಾಕಿ ಹೋಗುವುದೇ ಒಬ್ಬನನ್ನು ಕೊಲ್ಲುವ ಸುಪಾರಿ ಹಿಡಿದು. ಅವನು ಮೆಚ್ಚಿದ ರೀನಾ ಬೇಡವೆಂದರೂ ಅವನು ಬಿಡುವುದಿಲ್ಲ, ಅದು ಗಂಡಸ್ತಿಕೆಯ ಗತ್ತಾಗಿ ಶಿಳ್ಳೆ ಗಿಟ್ಟಿಸುತ್ತದೆ. 2022ರ ಎರಡನೇ ಭಾಗದಲ್ಲಿ ಅವಳು ಬಸುರಿಯಾದ ಸುದ್ದಿ ತಿಳಿಯುವುದಕ್ಕೂ ಅವಳಿಗೆ ಗುಂಡು ಬೀಳುವುದಕ್ಕೂ ಅಂತರವೇ ಇಲ್ಲ. ಅವಳ ಸಾವು ಅವನ ಮುಂದಿನ ಹೊಡೆದಾಟಕ್ಕೆ ಪೆಟ್ರೋಲು. ಹಾಲಿವುಡ್ಡಿನ ‘ಜಾನ್ ವಿಕ್’ ಆ ಕಷ್ಟವನ್ನೂ ತಪ್ಪಿಸಿಕೊಂಡಿತು, ಅಲ್ಲಿ ಹೆಂಡತಿ ಕಥೆ ಶುರುವಾಗುವ ಹೊತ್ತಿಗೇ ಸತ್ತಿದ್ದಾಳೆ. ಸತ್ತ ಹೆಂಡತಿ ಪ್ರಶ್ನೆ ಕೇಳುವುದಿಲ್ಲ. ನೀನು ಯಾರು ಯಾರನ್ನು ಕೊಂದೆ, ಅವರಿಗೆ ಮಕ್ಕಳಿದ್ದರಾ, ನಿನ್ನ ದುಡ್ಡಿನಲ್ಲಿ ಕಟ್ಟಿದ ಮನೆಯಲ್ಲಿ ನಾನು ಹೇಗೆ ಮಲಗಲಿ ಎಂದು ಬದುಕಿರುವವಳು ಕೇಳಿಯಾಳು. ಆ ಪ್ರಶ್ನೆ ಬಾರದಂತೆ ಅವಳನ್ನು ಮೊದಲೇ ಸಾಯಿಸುವುದು, ಇಲ್ಲವೇ ಕೊನೆಯವರೆಗೆ ಕತ್ತಲಲ್ಲಿಡುವುದು. ಎಲ್ಲ ತಿಳಿದ ಮೇಲೆ ನಿರ್ಧಾರ ಮಾಡುವ ಹಕ್ಕನ್ನು ಅವಳಿಗೆ ಕೊಟ್ಟ ಹಂತಕನ ಕಥೆಗಳು ಎಷ್ಟಿವೆ?

ತಾಯಿಯ ಪ್ರೀತಿಗೂ ಇದೇ ಗತಿ. 2005ರ ‘ಜೋಗಿ’ಯಲ್ಲಿ ನಾಯಕ ಮಾದೇಶ ಅನಾಥ ಹೆಣವೆಂದುಕೊಂಡು ಕುಣಿದದ್ದು ತನ್ನನ್ನು ಹುಡುಕಿಕೊಂಡು ಬಂದ ಹೆತ್ತ ತಾಯಿಯ ಶವದ ಮುಂದೆ. ಅರುಂಧತಿ ನಾಗ್ ಅವರ ಆ ತಾಯಿಗಾಗಿ ಕರ್ನಾಟಕವೇ ಅತ್ತಿತು, ಅಳಬೇಕಾದದ್ದೇ. ಆದರೆ ಮಗನ ಮಚ್ಚಿಗೆ ಬಿದ್ದವರನ್ನೂ ಯಾರೋ ಹೆತ್ತಿದ್ದರು. ಅವರು ಯಾವ ಬಸ್‌ಸ್ಟ್ಯಾಂಡಿನಲ್ಲಿ ಮಗನ ಫೋಟೋ ಹಿಡಿದು ನಿಂತಿದ್ದರು? ಒಬ್ಬ ತಾಯಿಯ ದುಃಖವನ್ನು ಇಷ್ಟು ದೊಡ್ಡದು ಮಾಡಿ ಉಳಿದ ತಾಯಂದಿರನ್ನು ಕಾಣದಂತೆ ಮಾಡುವುದು ಯಾವ ತಾಯ್ತನದ ಪೂಜೆ?

ಕೊಲೆಯಾದವನ ಮನೆಯಲ್ಲಿ ನಿಜಕ್ಕೂ ಆಗುವುದೇನು ಎಂದು ಕೋರ್ಟು, ಶವಾಗಾರ ಸುತ್ತಿದವರಿಗೆ ಗೊತ್ತು. ರಾತ್ರಿ ಬರುವ ಫೋನು. ಬೆಳಗಿನವರೆಗೆ ಶವಾಗಾರದ ಹೊರಗಿನ ಕಟ್ಟೆಯ ಮೇಲೆ ಕಾಯುವುದು. ಪಂಚನಾಮೆಗೆ ಸಹಿ. ಮರಣೋತ್ತರ ಪರೀಕ್ಷೆ ಮುಗಿಸಿ ಹೊಲಿದು ಸುತ್ತಿಕೊಟ್ಟ ದೇಹದ ಮುಖ ಮಾತ್ರ ನೋಡಲು ಸಿಗುತ್ತದೆ, ಲಾಂಗು ಬಿದ್ದಿದ್ದರೆ ಅದೂ ಸಿಗುವುದಿಲ್ಲ. ಆಮೇಲೆ ವರ್ಷಗಟ್ಟಲೆ ವಾಯಿದೆ. ಕಣ್ಣಾರೆ ಕಂಡ ಟೀ ಅಂಗಡಿಯವನು ಕಟಕಟೆಯಲ್ಲಿ ನಿಂತು ನಾನೇನೂ ನೋಡಿಲ್ಲ ಎನ್ನುತ್ತಾನೆ. ಅವನನ್ನು ಬಯ್ಯುವಂತೆಯೂ ಇಲ್ಲ, ಅವನಿಗೂ ಮನೆ ಇದೆ. ಆರೋಪಿಗಳು ಜಾಮೀನಿನ ಮೇಲೆ ಹೊರಬಂದು ಅದೇ ಬೀದಿಯಲ್ಲಿ ಬೈಕಿನ ಮೇಲೆ ಹೋಗುತ್ತಾರೆ. ಸತ್ತವನ ಹೆಂಡತಿ ಅದೇ ಬೀದಿಯಲ್ಲಿ ಮಗುವನ್ನು ಶಾಲೆಗೆ ಬಿಡಲು ಹೋಗಬೇಕು. ಇಷ್ಟೊಂದು ಸಂಗತಿ ಇಲ್ಲಿ ಬಿದ್ದಿದೆ, ಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಸಂಘರ್ಷ ಬೇಕೇ? ಅವರು ಮಾತ್ರ ಪ್ರೀತಿಯೋ ನಿಯತ್ತೋ ಎಂದು ಅದೇ ಹಳೆಯ ಗಾಣ ಸುತ್ತುತ್ತಿದ್ದಾರೆ.

ಸಾವಿನಿಂದ ಎಲ್ಲ ಸರಿಹೋಗುತ್ತದೆ ಎಂಬ ಈ ಅಂತ್ಯ ಬಂದದ್ದು ಎಲ್ಲಿಂದ? ಅದರ ಹಿಂದೆ ಸೆನ್ಸಾರಿನ ಜೊತೆಗಿನ ಹೊಂದಾಣಿಕೆಯ ಚರಿತ್ರೆಯಿದೆ. 1930ರ ದಶಕದ ಅಮೆರಿಕದಲ್ಲಿ ಗ್ಯಾಂಗ್‌ಸ್ಟರ್ ಚಿತ್ರಗಳ ವಿರುದ್ಧ ಕೂಗೆದ್ದಾಗ 1932ರ ‘ಸ್ಕಾರ್‌ಫೇಸ್’ಗೆ ರಾಷ್ಟ್ರದ ಅವಮಾನ ಎಂಬರ್ಥದ ಉಪಶೀರ್ಷಿಕೆ ಅಂಟಿಸಿದರು, ನಾಯಕನನ್ನು ಗಲ್ಲಿಗೇರಿಸುವ ಇನ್ನೊಂದು ಕೊನೆಯನ್ನೂ ಚಿತ್ರೀಕರಿಸಿದರು. 1934ರಿಂದ ಹಾಲಿವುಡ್ಡಿನ ಸೆನ್ಸಾರ್ ಕಟ್ಟಳೆಯಾದ ಹೇಸ್ ನಿಯಮಾವಳಿ ಬಿಗಿಯಾಯಿತು, ಅಪರಾಧಿಗೆ ಶಿಕ್ಷೆಯಾಗದೆ ಚಿತ್ರ ಮುಗಿಯುವಂತಿರಲಿಲ್ಲ. ನಿರ್ಮಾಪಕರು ಕಂಡುಕೊಂಡ ಉಪಾಯ ಸರಳವಾಗಿತ್ತು. ಬಂದೂಕು, ಸೂಟು, ಕಾರು, ಹೆಣ್ಣು, ಮೋಜು ಎಲ್ಲವನ್ನೂ ತೋರಿಸು, ಕೊನೆಯ ಐದು ನಿಮಿಷಕ್ಕೆ ಸಾಯಿಸು. ಆ ನಿಯಮಾವಳಿ 1968ಕ್ಕೆ ಹೋಯಿತು, ಆ ಅಭ್ಯಾಸ ಹೋಗಲಿಲ್ಲ. ನಮ್ಮಲ್ಲೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ 1991ರಲ್ಲಿ ಹೊರಡಿಸಿದ ಮಾರ್ಗಸೂಚಿ ಹಿಂಸೆಯಂಥ ಸಮಾಜಘಾತುಕ ಕೃತ್ಯಗಳ ವೈಭವೀಕರಣ ಕೂಡದು ಎನ್ನುತ್ತದೆ. ಕೊನೆಗೆ ಸತ್ತ ನಾಯಕನೇ ಇವರು ಕೊಡುವ ಉತ್ತರ. ಆದರೆ ಆ ಸಾವನ್ನು ಹೇಗೆ ತೆಗೆಯುತ್ತಾರೆ ನೋಡಿ. ಸ್ಲೋ ಮೋಷನ್ನು, ಮಳೆ, ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ, ಹಾಡಿನ ಮರುಕಳಿಕೆ. ವೈಭವೀಕರಣದ ತುತ್ತತುದಿಯೇ ಆ ಸಾವು. ನಿಷೇಧಿಸಿದ ವಸ್ತುವನ್ನೇ ನಿಷೇಧಕ್ಕೆ ಉತ್ತರವಾಗಿ ಮುಂದಿಡುತ್ತಿದ್ದಾರೆ. ಸೆನ್ಸಾರ್ ಮಂಡಳಿ ಅದನ್ನು ಒಪ್ಪುತ್ತದೆ, ನಾವೂ ಒಪ್ಪುತ್ತೇವೆ.

ಸಿನಿಮಾ ನೋಡಿ ಯಾರೂ ಕೊಲೆ ಮಾಡುವುದಿಲ್ಲ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ನಾನು ಹಾಗೆ ಹೇಳುತ್ತಲೂ ಇಲ್ಲ. ನಾನು ಹೇಳುತ್ತಿರುವುದು ಯಾರಿಗಾಗಿ ಅಳಬೇಕೆಂದು ಸಿನಿಮಾ ಕಲಿಸುತ್ತದೆ ಎಂದು. 1995ರ ‘ಓಂ’ನಲ್ಲಿ ಬೆಂಗಳೂರಿನ ನಿಜವಾದ ರೌಡಿಗಳೇ ಬಣ್ಣ ಹಚ್ಚಿದರು. ಅದನ್ನು ಇವತ್ತಿಗೂ ಹೆಮ್ಮೆಯ ವಿಷಯವಾಗಿ ಹೇಳಿಕೊಳ್ಳುತ್ತೇವೆ. ಅವರ ಪೆಟ್ಟು ತಿಂದವರ ಮನೆಯವರಿಗೆ ಆ ಚಿತ್ರ ನೋಡುವಾಗ ಏನನಿಸಿರಬಹುದು ಎಂದು ಎಷ್ಟು ಜನ ಯೋಚಿಸಿದ್ದೇವೆ? ಲಾಂಗು ಹಿಡಿದು ರೀಲ್ಸ್ ಮಾಡಿ ಕೇಸು ಹಾಕಿಸಿಕೊಳ್ಳುವ ಹುಡುಗರ ಸುದ್ದಿ ಪತ್ರಿಕೆಗಳಿಗೆ ಮಾಮೂಲಾಗಿದೆ. ಆ ಹುಡುಗರು ಅನುಕರಿಸುವುದು ಕೊಲೆಯನ್ನಲ್ಲ, ಆ ನಡಿಗೆಯನ್ನು, ಆ ನೋಟವನ್ನು, ಸತ್ತರೂ ಹೀಗೆ ಸಾಯಬೇಕು ಎಂಬ ಆ ಬಯಕೆಯನ್ನು. ಸಾಯುವುದೇ ಆಕರ್ಷಣೆಯಾದ ಮೇಲೆ ‘ಕೊನೆಗೆ ಸಾಯ್ತಾನಲ್ಲ’ ಎಂಬ ಎಚ್ಚರಿಕೆಗೆ ಏನು ಅರ್ಥ ಉಳಿಯಿತು?

ಬೇರೆ ದಾರಿ ಇಲ್ಲವೆಂದು ಹೇಳುವವರಿಗೆ 1954ರ ‘ಆನ್ ದ ವಾಟರ್‌ಫ್ರಂಟ್’ ತೋರಿಸಬೇಕು. ಎಲಿಯಾ ಕಜಾನ್ ನಿರ್ದೇಶಿಸಿದ ಚಿತ್ರ. ಬಂದರಿನ ಕೂಲಿ ಟೆರಿಯದು ಹಂತಕನ ಕೆಲಸವಲ್ಲ, ಆದರೆ ಜೋಯಿ ಎಂಬ ಹುಡುಗನನ್ನು ಪಾರಿವಾಳದ ನೆಪದಲ್ಲಿ ಮಹಡಿಗೆ ಕರೆಸಿ ಸಾವಿಗೆ ಒಪ್ಪಿಸಿದವನು ಅವನೇ. ನಿಯತ್ತು ಯೂನಿಯನ್ ಹಿಡಿದಿಟ್ಟುಕೊಂಡ ದಾದಾನಿಗೆ, ಸ್ವಂತ ಅಣ್ಣನಿಗೆ. ಪ್ರೀತಿ ಹುಟ್ಟುವುದು ಈಡಿಯ ಮೇಲೆ, ಅವಳು ಸತ್ತ ಜೋಯಿಯ ತಂಗಿ. ಇಲ್ಲಿ ಪ್ರೀತಿಯ ಕಡೆಯೇ ಸತ್ತವನ ಮನೆಯೂ ಇದೆ. 

ಟೆರಿ ಅವಳಿಗೆ ನಿಜ ಹೇಳಲೇಬೇಕು. ಹೇಳುತ್ತಾನೆ. ಬಂದರಿನ ಹಡಗಿನ ಸೀಟಿ ಅವನ ಮಾತುಗಳನ್ನು ನುಂಗುತ್ತದೆ, ನಮಗೆ ಕೇಳುವುದಿಲ್ಲ. ಕಾಣುವುದು ಕೇಳಿಸಿಕೊಳ್ಳುತ್ತಿರುವ ಅವಳ ಮುಖ. ಕಿವಿ ಮುಚ್ಚಿಕೊಳ್ಳುತ್ತಾಳೆ, ಓಡಿಹೋಗುತ್ತಾಳೆ. ಕ್ಯಾಮೆರಾ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದೆ. ಆಮೇಲೆ ಅವನು ತನಿಖಾ ಆಯೋಗದ ಮುಂದೆ ಹೆಸರು ಹೇಳಿ ಸಾಕ್ಷಿ ನುಡಿಯುತ್ತಾನೆ. ಗೆಳೆಯರು ಮುಖ ತಿರುಗಿಸುತ್ತಾರೆ, ಕೆಲಸ ಸಿಗುವುದಿಲ್ಲ, ಹೊಡೆತ ತಿನ್ನುತ್ತಾನೆ, ಆದರೆ ಬದುಕುತ್ತಾನೆ. ಕಜಾನ್ ಸ್ವತಃ 1952ರಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಸಹೋದ್ಯೋಗಿಗಳ ಹೆಸರು ಹೇಳಿದ್ದ, ಅದನ್ನು ಸಮರ್ಥಿಸಿಕೊಳ್ಳಲು ಈ ಚಿತ್ರ ಮಾಡಿದ ಎಂಬ ಆರೋಪ ಇದೆ. ಇರಲಿ. ಹೇಳದೆ ಸಾಯುವುದಕ್ಕಿಂತ ಹೇಳಿ ಬದುಕುವುದು ಕಷ್ಟ ಎಂದು ಆ ಚಿತ್ರ ತೋರಿಸಿತು.

ನಮ್ಮ ಕಾನೂನಿನಲ್ಲೂ ಆ ಬಾಗಿಲು ಇದೆ. ತಪ್ಪಿನಲ್ಲಿ ಪಾಲುದಾರನಾದವನು ಎಲ್ಲವನ್ನೂ ಬಿಚ್ಚಿ ಹೇಳಿ ಮಾಫಿ ಸಾಕ್ಷಿಯಾಗಬಹುದು. ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಸುಪ್ರೀಂ ಕೋರ್ಟು ಒಂದು ಯೋಜನೆಯನ್ನೇ ಒಪ್ಪಿ ದೇಶಕ್ಕೆಲ್ಲ ಅನ್ವಯ ಮಾಡಿತು. ಅದು ಎಷ್ಟರಮಟ್ಟಿಗೆ ಜಾರಿಯಾಗಿದೆ ಎಂಬುದೇ ಒಂದು ಸಿನಿಮಾಕ್ಕೆ ವಸ್ತು. ಅದನ್ನು ಬಿಟ್ಟು ನಮ್ಮ ಚಿತ್ರಗಳು ಪೊಲೀಸರಿಗೆ ಮಾತು ಕೊಟ್ಟವನನ್ನು ದ್ರೋಹಿ ಎಂದು ಕರೆಯುತ್ತವೆ, ಅವನ ಕುತ್ತಿಗೆಗೆ ಮಚ್ಚು ಬಿದ್ದಾಗ ಚಪ್ಪಾಳೆಗೆ ಜಾಗ ಮಾಡಿಕೊಡುತ್ತವೆ. ಬಾಯಿ ಮುಚ್ಚಿಕೊಂಡಿರುವುದನ್ನು ಗಂಡಸುತನ ಎಂದು ಒಪ್ಪಿದ ಸಮಾಜದಲ್ಲಿ ಆ ಟೀ ಅಂಗಡಿಯವನು ಕಟಕಟೆಯಲ್ಲಿ ಹೇಗೆ ಬಾಯಿ ಬಿಟ್ಟಾನು?

ಕನ್ನಡದಲ್ಲಿ ಶಕ್ತಿ ಇಲ್ಲವೆಂದು ಹೇಳಲಾರೆ. ಅಗ್ನಿ ಶ್ರೀಧರ್ ಅವರ ಕಥೆಯನ್ನು ಸುಮನಾ ಕಿತ್ತೂರು 2012ರಲ್ಲಿ ‘ಎದೆಗಾರಿಕೆ’ಯಾಗಿ ತೆರೆಗೆ ತಂದರು. ಕೊಲ್ಲಬೇಕಾದವನನ್ನು ಸಕಲೇಶಪುರದ ಕಡೆಗೆ ಕರೆದುಕೊಂಡು ಹೋಗಿ, ಅವನ ಜೊತೆ ಉಂಡು, ಮಾತಾಡಿ, ಅವನು ಮನುಷ್ಯನೆಂದು ತಿಳಿದ ಮೇಲೂ ಕೊಲ್ಲಬೇಕಾದ ಸಂಕಟ ಅದು. ಸಾಯುವವನಿಗೆ ಹೆಸರು, ಮಾತು, ಹೊತ್ತು ಮೂರನ್ನೂ ಆ ಚಿತ್ರ ಕೊಟ್ಟಿತು. ಅಲ್ಲಿ ಸಾಯುವವನೂ ಅದೇ ಲೋಕದ ಹಂತಕನೇ, ಹಾಗಾಗಿ ಹೆಜ್ಜೆ ಅರ್ಧಕ್ಕೆ ನಿಂತಿತು. ಇನ್ನರ್ಧ ಹೆಜ್ಜೆ ಇಡುವವರಿಗಾಗಿ ಕಾಯುತ್ತಾ ಹನ್ನೆರಡು ವರ್ಷಗಳೇ ದಾಟಿದವು. ಈ ನಡುವೆ ಬಜೆಟ್ಟು ಹತ್ತಾರು ಪಟ್ಟು ಬೆಳೆಯಿತು.

ಬರೆಯುವವರೇ, ನಿಮ್ಮ ಮುಂದಿನ ಸ್ಕ್ರಿಪ್ಟಿನಲ್ಲಿ ಅವನನ್ನು ಸಾಯಿಸಬೇಡಿ. ಬದುಕಿಸಿ, ಕಟಕಟೆಗೆ ಹತ್ತಿಸಿ, ಮಾತಾಡಿಸಿ. ಅವನ ಹುಡುಗಿಗೆ ಮೊದಲಾರ್ಧದಲ್ಲೇ ನಿಜ ತಿಳಿಯಲಿ, ಬೇಡ ಎನ್ನುವ ಹಕ್ಕು ಅವಳಿಗಿರಲಿ, ಬೇಡ ಎಂದವಳ ಹಿಂದೆ ಕ್ಯಾಮೆರಾ ಹೋಗಲಿ. ಬಾಸಿನ ಲೆಕ್ಕದ ಪುಸ್ತಕ ತೆರೆಯಲಿ, ಆ ದುಡ್ಡು ಯಾವ ಲೇಔಟಿಗೆ, ಯಾವ ಚುನಾವಣೆಗೆ ಹೋಯಿತು ಎಂದು ಗೊತ್ತಾಗಲಿ. ನಟರೇ, ಮಚ್ಚು ಹಿಡಿದ ಪೋಸ್ಟರಿನ ಬದಲು ಪದ್ಮಾಳ ಎದುರು ತಲೆ ಬಗ್ಗಿಸಿ ನಿಲ್ಲುವ ಒಂದು ದೃಶ್ಯ ಕೇಳಿ ಪಡೆಯಿರಿ, ನಟನೆ ಎಂದರೇನೆಂದು ಅಲ್ಲಿ ತೋರಿಸಿ. ವಿಮರ್ಶೆ ಬರೆಯುವವರು ತ್ಯಾಗ, ದುರಂತ, ಕಾವ್ಯ ಎಂಬ ಪದಗಳನ್ನು ಈ ಚಿತ್ರಗಳಿಗೆ ಹಂಚುವುದನ್ನು ನಿಲ್ಲಿಸಲಿ. ಟ್ರೇಲರ್ ಬಿಡುಗಡೆಯ ದಿನ ಮೈಕು ಕೈಗೆ ಬಂದಾಗ ಬಜೆಟ್ ಎಷ್ಟು, ಎಷ್ಟು ದಿನ ಫೈಟು ತೆಗೆದಿರಿ ಎಂದು ಕೇಳುವ ಪತ್ರಕರ್ತರು ಇನ್ನು ಮುಂದೆ ಇದೊಂದನ್ನು ಕೇಳಲಿ: ನಿಮ್ಮ ನಾಯಕ ಎಂಟ್ರಿ ಸೀನಿನಲ್ಲಿ ಕೊಂದನಲ್ಲ, ಅವನ ಹೆಸರೇನು, ಅವನ ಮನೆಯಲ್ಲಿ ಯಾರ್ಯಾರಿದ್ದಾರೆ? ನಿರ್ದೇಶಕರ ಬಳಿ ಉತ್ತರ ಇಲ್ಲದಿದ್ದರೆ, ಬರುವವರೆಗೆ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲಿ.